ಆಫ್ರಿಕಾದ ಮರ, ಸಿಂದಗಿಯ ಮಾವ

ನಮ್ಮ ಸೋದರಮಾವನಿಗೆ ಸಂಗೀತದ ಗಂಧಗಾಳಿ ಇಲ್ಲ. ಸ್ವರ ಏಳೋ ಎಂಟೋ ಎಂದು ಕೇಳಿದರೆ ಅತ್ತೆಯ ಮುಖ ನೋಡುತ್ತಾರೆ. ಆದರೆ ಸಿಂದಗಿ ತಾಲ್ಲೂಕಿನಲ್ಲಿ ಯಾರ ಮನೆಯ ಹಾರ್ಮೋನಿಯಂ ಸಾಗವಾನಿಯದು, ಯಾರ ತಬಲಾ ಬೀಟೆಯದು, ಯಾವ ಭಜನಾ ಮಂಡಳಿಯವರು ಬೇವನ್ನು ಹಲಸೆಂದು ನಂಬಿ ಮೋಸ ಹೋಗಿದ್ದಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಎಲ್ಲಿ ಮರ ಕಂಡರೂ ಬೆರಳು ಮಡಚಿ ಗೆಣ್ಣಿನಿಂದ ಎರಡು ಸಲ ಬಡಿದು, ಕಿವಿ ಹಚ್ಚಿ, ಮೂಸಿ ನೋಡುವುದು ಅವರ ಪದ್ಧತಿ. ಅವರು ಗಣಿತದ ಮಾಸ್ತರರಾಗಿದ್ದಾಗ ಆ ಗೆಣ್ಣು ಬೀಳುತ್ತಿದ್ದದ್ದು ನಮ್ಮ ತಲೆಗಳ ಮೇಲೆ. ಯಾವುದು ಗಟ್ಟಿ, ಯಾವುದು ಟೊಳ್ಳು ಎಂದು ಅವರಿಗೆ ಆಗಲೇ ತಿಳಿಯುತ್ತಿತ್ತು.

ಅಣ್ಣನಿಗೆ ಹೆಣ್ಣು ನೋಡಲು ಮುದ್ದೇಬಿಹಾಳಕ್ಕೆ ಹೋಗುವಾಗ, ಹಿರಿಯರೊಬ್ಬರು ಇರಲಿ ಎಂದು ಮಾವನನ್ನು ಕರೆದುಕೊಂಡು ಹೋದೆವು. ಹುಡುಗಿ ಅವಲಕ್ಕಿಯ ತಟ್ಟೆ ಹಿಡಿದು ಬಂದಾಗ ಮಾವ ಜಾಗದಲ್ಲಿರಲಿಲ್ಲ. ಮೂಲೆಯಲ್ಲಿದ್ದ ಹಳೆಯ ಹಾರ್ಮೋನಿಯಂ ಪೇಟಿಯನ್ನು ಬೋರಲು ಹಾಕಿ ತಳ ಬಡಿಯುತ್ತಿದ್ದರು.

"ಯಜಮಾನ್ರ, ಹುಡುಗಿ ನೋಡಾಕ ಬಂದೀರೋ, ಪೇಟಿ ನೋಡಾಕ ಬಂದೀರೋ?" ಎಂದು ಹುಡುಗಿಯ ತಂದೆ ಕೇಳಿದರು.

"ಇದು ಬರ್ಮಾ ಸಾಗವಾನಿ ಐತ್ರಿ. ಇಂಥಾದ್ದನ್ನ ಅಜ್ಜನ ಕಾಲದಿಂದ ಜ್ವಾಪಾನ ಮಾಡಿದ ಮನ್ಯಾಗ ಮಗಳು ಕೆಟ್ಟ ಬೆಳೀತಾಳೇನ್ರಿ? ನಮ್ಮ ಕಡಿಂದ ಒಪ್ಪಿಗಿ" ಎಂದುಬಿಟ್ಟರು ಮಾವ.

ಅಣ್ಣ ಇನ್ನೂ ಹುಡುಗಿಯ ಮುಖವನ್ನೇ ನೋಡಿರಲಿಲ್ಲ. ಇಂದು ಆಕೆಯೇ ನಮ್ಮ ವೈನಿ. ಸಿಟ್ಟು ಬಂದಾಗಲೆಲ್ಲ "ನನ್ನ ಒಪ್ಪಿದ್ದು ನೀವಲ್ಲ, ಆ ಪೇಟಿ" ಎಂದು ಅಣ್ಣನನ್ನು ಚುಚ್ಚುತ್ತಾರೆ.

ಬಸವನ ಬಾಗೇವಾಡಿಯಲ್ಲಿ ಸಂಗೀತದ ಮೇಷ್ಟ್ರೊಬ್ಬರ ಬಳಿ ಪರದೇಶದ ಪಿಟೀಲು ಇತ್ತು. ಮಾವ ಅದನ್ನು ಮೂಸಿ ಬಂದ ದಿನ ಊಟಕ್ಕೆ ಕೂತಲ್ಲೇ ಪಾಠ ಶುರು ಮಾಡಿದರು. "ಬರ್ಫ್ ಬೀಳೋ ದೇಶದ ಗಿಡ ಅದು. ಥಂಡ್ಯಾಗ ಗಿಡ ಸಾವಕಾಶ ಬೆಳೀತೈತಿ. ಸಾವಕಾಶ ಬೆಳದದ್ದಕ್ಕ ನಾದ ಹೆಚ್ಚು."

ರೊಟ್ಟಿ ಬಡಿಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಹಂಗಿದ್ರ ನಿಮ್ಮಿಂದ ಭಾಳ ನಾದ ಬರಬೇಕಿತ್ತು. ಕರದು ಒಂದು ತಾಸಾದ ಮ್ಯಾಲೆ ಉಣ್ಣಾಕ ಬರ್ತೀರಿ."

ಮೂರು ವರ್ಷದ ಹಿಂದೆ ಮಾವ ಮಿರಜಿಗೆ ಹೋದರು. ವಾದ್ಯ ರಿಪೇರಿ ಮಾಡುವ ಮುದುಕರೊಬ್ಬರು ಕೆಲಸ ಬಿಡುವಾಗ, ಎಷ್ಟೋ ವರ್ಷ ಒಣಗಿಸಿಟ್ಟಿದ್ದ ಆಫ್ರಿಕಾದ ಕರಿಮರದ ತುಂಡೊಂದನ್ನು ಇವರಿಗೆ ಕೊಟ್ಟರು. ಮೂರಡಿ ಉದ್ದ, ಇದ್ದಿಲಿನಂಥ ಬಣ್ಣ. ಮಾವ ಅದನ್ನು ಧೋತರದಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು ಬಸ್ಸಿನಲ್ಲಿ ಬಂದರು. ಕಂಡಕ್ಟರ್ ಕೂಸೆಂದು ತಿಳಿದು ಕಿಟಕಿ ಪಕ್ಕದ ಸೀಟು ಬಿಡಿಸಿಕೊಟ್ಟನಂತೆ. ಮಾವ ನಿಜ ಹೇಳಲಿಲ್ಲ.

ಮನೆಗೆ ಬಂದವರೇ ಅದನ್ನು ನೀರಿನ ತೊಟ್ಟಿಯಲ್ಲಿ ಬಿಟ್ಟು ತೋರಿಸಿದರು. ಮರ ಕಲ್ಲಿನ ಹಾಗೆ ಮುಳುಗಿತು.

"ನೋಡು, ಎಷ್ಟು ಗಟ್ಟಿ ಐತಿ!"

"ಮುಳುಗೋ ಕಟ್ಟಿಗಿ, ತೇಲೋ ಗಂಡ. ನನ್ನ ನಸೀಬ" ಎಂದರು ಅತ್ತೆ.

ಅದರಿಂದ ಎರಡು ಸನಾದಿ ಮಾಡಿಸುವುದು ಮಾವನ ಕನಸು. ಆದರೆ ಯಾರು ಕೇಳಿದರೂ "ಇನ್ನೂ ಒಣಗಬೇಕು" ಎನ್ನುತ್ತಿದ್ದರು. ವಾರಕ್ಕೊಮ್ಮೆ ಎಣ್ಣೆ ಸವರುತ್ತಿದ್ದರು. ಮೊಮ್ಮಕ್ಕಳೂ ಮುಟ್ಟುವಂತಿರಲಿಲ್ಲ.

ಹೋದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಎಲುಬು ಮುರಿದು ವಿಜಯಪುರದಲ್ಲಿ ಆಪರೇಷನ್ ಆಯಿತು. ಎಲುಬು ಕೂಡಿತು, ಧೈರ್ಯ ಕೂಡಲಿಲ್ಲ. ಡಾಕ್ಟರು ಕೊಟ್ಟ ವಾಕರ್ ನೋಡಿ, "ಇದೇನು ದನಾ ಕೂಡಿಹಾಕೋ ಕೊಂಡವಾಡೇನು, ನಾ ಇದರಾಗ ನಿಂದ್ರಾಕ?" ಎಂದು ದೂಡಿದರು. ಅದೇ ಅವರ ಕೊನೆಯ ಚೇಷ್ಟೆ. ಆಮೇಲೆ ಎರಡು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಮಾವ ಬೇಕೆಂದೇ ತಡವಾಗಿ ಊಟಕ್ಕೆ ಬಂದರೂ ಬೈಯಲಿಲ್ಲ. ಬೈಗುಳವಿಲ್ಲದ ಆ ಮನೆಗೆ ಹೋಗಲು ನಮಗೇ ಹೆದರಿಕೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಮಾವ ನನ್ನನ್ನು ಕರೆದುಕೊಂಡು ಬಡಿಗೇರನ ಅಂಗಡಿಗೆ ಹೋದರು. ಧೋತರ ಬಿಚ್ಚಿ ಕರಿಮರವನ್ನು ಮುಂದಿಟ್ಟು, "ಇದರಾಗ ನಮ್ಮ ಮನಿಯಾಕಿಗೆ ಒಂದು ಊರುಗೋಲು ಮಾಡು" ಎಂದರು.

ಬಡಿಗೇರ ಮರ ತಿರುವಿ ನೋಡಿ ಉಳಿ ಕೆಳಗಿಟ್ಟ. "ಸರ, ಇದರಾಗ ಚಲೋ ಎರಡು ಸನಾದಿ ಆಗ್ತಾವ್ರಿ. ಕೋಲು ಮಾಡಿ ಹಾಳು ಮಾಡಬ್ಯಾಡ್ರಿ."

"ಸನಾದಿ ಊದಾವ್ರು ನಮ್ಮ ಮನ್ಯಾಗ ಯಾರೂ ಇಲ್ಲೋ. ನಡ್ಯಾಕಿ ಒಬ್ಬಾಕಿ ಅದಾಳ."

ಮರ ಕೊರೆಯುತ್ತಿದ್ದಷ್ಟು ಹೊತ್ತೂ ಮಾವ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದರು.

ಕೋಲು ಕೈಗೆ ಕೊಟ್ಟಾಗ ಅತ್ತೆ ಅದನ್ನು ಗುರುತು ಹಿಡಿದರು. "ಹುಚ್ಚ ಅದೀರಿ ನೀವು" ಎಂದು ಮೆಲ್ಲಗೆ ಹೇಳಿ, ಕೋಲೂರಿ ಎದ್ದು ನಿಂತರು.

ಈಗ ಅತ್ತೆ ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಂಗಳಕ್ಕೆ ನಡೆದಾಡುತ್ತಾರೆ. ಫರಸಿ ಕಲ್ಲಿನ ನೆಲದ ಮೇಲೆ ಟಕ್, ಟಕ್ ಎಂದು ಸಪ್ಪಳ. ಮಾವ ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತಿರುತ್ತಾರೆ, ಓದುವುದಿಲ್ಲ. ಹೋದ ವಾರ ನಾನು ಏನೋ ಹೇಳುತ್ತಿದ್ದಾಗ ಕೈಯೆತ್ತಿ ಸುಮ್ಮನಿರಿಸಿದರು. ಒಳಗೆ ಕೋಲಿನ ಸಪ್ಪಳ ನಿಂತಿತ್ತು. ಪೇಪರ್ ಜಾರಿ ಬಿತ್ತು, ಮಾವ ಬರಿಗಾಲಲ್ಲೇ ಬಾಗಿಲ ತನಕ ಹೋಗಿಬಿಟ್ಟಿದ್ದರು.

ಒಳಗಿನಿಂದ ಅತ್ತೆಯ ದನಿ ಬಂತು. "ಒಲಿ ಮುಂದ ನಿಂತೀನ್ರಿ, ಬಿದ್ದಿಲ್ಲ. ಕೂಡ್ರಿ."

ಮಾವ ಬಂದು ಕೂತರು.