ಜಡಿಗೇನಹಳ್ಳಿಯ ಸುಧಾರಿತ ಹಿಟ್ಟು

ಹೊಸಕೋಟೆ ತಾಲ್ಲೂಕಿನ ಜನರು ತಾತ ಮುತ್ತಾತಂದಿರ ಕಾಲದಿಂದ ತಿಂದುಕೊಂಡು ಬಂದಿದ್ದ ರಾಗಿಯು ಮನುಷ್ಯರು ತಿನ್ನಲು ತಕ್ಕ ಪದಾರ್ಥವಲ್ಲವೆಂದು ಸಾವಿರದ ಒಂಬೈನೂರ ನಲವತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಅಧಿಕೃತವಾಗಿ ತೀರ್ಮಾನವಾಯಿತು. ತೀರ್ಮಾನ ಮಾಡಿದ್ದು ತಾಲ್ಲೂಕು ಆಹಾರ ಸುಧಾರಣಾ ಕಚೇರಿ. ಆ ಕಚೇರಿಯ ಅಧಿಕಾರಿಗಳಾದ ವೆಂಕಟರಾಯಪ್ಪನವರು ಬೆಂಗಳೂರಿನಲ್ಲಿ ಓದಿದವರು, ಬೆಳ್ಳಗಿಲ್ಲದ ಯಾವ ಆಹಾರವನ್ನೂ ನಂಬದವರು. ರಾಗಿಯ ಮೈಮೇಲಿನ ಕೆಂಪು ಸಿಪ್ಪೆಯೇ ರೈತರ ಸಕಲ ಕಷ್ಟಗಳಿಗೂ ಮೂಲವೆಂದು ಅವರು ಕಂಡುಹಿಡಿದರು. ಸಿಪ್ಪೆ ತೆಗೆಯುವ ಯಂತ್ರ ಇಡೀ ತಾಲ್ಲೂಕಿನಲ್ಲಿ ಒಬ್ಬರ ಹತ್ತಿರ ಮಾತ್ರ ಇತ್ತು. ಅವರು ಮಿಲ್ಲಿನ ಅಪ್ಪಯ್ಯಣ್ಣ, ವೆಂಕಟರಾಯಪ್ಪನವರ ಹೆಂಡತಿಯ ಅಣ್ಣ. ಯಂತ್ರ ಮೊದಲು ಬಂತೋ ಸಂಶೋಧನೆ ಮೊದಲಾಯಿತೋ ಎಂದು ಕೇಳುವ ಅಭ್ಯಾಸ ಆಗ ಯಾರಿಗೂ ಇರಲಿಲ್ಲ. ಯುದ್ಧಕಾಲವಾಗಿತ್ತು.

ಜಡಿಗೇನಹಳ್ಳಿಯಲ್ಲಿ ತಳವಾರ ಪಾಪಯ್ಯ ತಮಟೆ ಬಡಿದು ಸಾರಿದ. "ಕೇಳ್ರಪ್ಪೋ, ಮನೇಲಿರೋ ರಾಗಿನೆಲ್ಲ ಹೊಸಕೋಟೆ ಸರ್ಕಾರಿ ಡಿಪೋಗೆ ಹಾಕ್ಬೇಕು. ಅದನ್ನ ಸರ್ಕಾರದವರು ಶುದ್ಧಿ ಮಾಡಿ ಸುಧಾರಿತ ಹಿಟ್ಟು ಅಂತ ವಾಪಸ್ಸು ಕೊಡ್ತಾರೆ. ಇವತ್ತಿಂದ ರಾಗಿಕಲ್ಲಲ್ಲಿ ಯಾರೂ ಬೀಸೋ ಹಾಗಿಲ್ಲ. ಬೀಸೋ ಸದ್ದು ಕೇಳಿದ್ರೆ ಜುಲ್ಮಾನೆ."

ಆ ಊರಿನ ಗೋಪಾಲಪ್ಪನೂ ಎಲ್ಲರಂತೆ ರಾಗಿ ಹೊತ್ತು ಹಾಕಿ ಬಂದ. ಗೋಪಾಲಪ್ಪ ದೊಡ್ಡ ಆಳು. ಕೆಸರಿನಲ್ಲಿ ಹೂತುಹೋದ ಗಾಡಿಯನ್ನು ಎತ್ತುಗಳು ಕೈಬಿಟ್ಟರೆ ಜನ ಅವನನ್ನು ಕರೆಯುತ್ತಿದ್ದರು. ಅವನು ಚಕ್ರಕ್ಕೆ ಹೆಗಲು ಕೊಟ್ಟು ಎತ್ತಿ ಪಕ್ಕಕ್ಕಿಟ್ಟು, ಏನೂ ಆಗದವನಂತೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. ಸರ್ಕಾರದ ಮಾತನ್ನು ಮೀರುವುದು ಅವನ ಸ್ವಭಾವದಲ್ಲಿರಲಿಲ್ಲ. ಮೀರುವ ಸ್ವಭಾವವೇನಾದರೂ ಆ ಮನೆಯಲ್ಲಿದ್ದರೆ ಅದು ಅವನ ಹೆಂಡತಿ ಮುನಿಲಕ್ಷ್ಮಮ್ಮನದು.

ಸುಧಾರಿತ ಹಿಟ್ಟು ಸುಣ್ಣದಷ್ಟು ಬೆಳ್ಳಗಿತ್ತು. ಮುನಿಲಕ್ಷ್ಮಮ್ಮ ಎಸರಿಗೆ ಹಾಕಿ ಕೋಲಿನಲ್ಲಿ ತಿರುವಿದಳು. ಎಷ್ಟು ತಿರುವಿದರೂ ಅದು ಮುದ್ದೆಯಾಗುವ ಲಕ್ಷಣ ಕಾಣಲಿಲ್ಲ. ತಟ್ಟೆಗೆ ಹಾಕಿದರೆ ಹರಿದು ಅಂಚಿಗೆ ಹೋಯಿತು. ಗೋಪಾಲಪ್ಪ ಅದನ್ನು ಬೆರಳಲ್ಲಿ ಅಟ್ಟಿಸಿಕೊಂಡು ತಿಂದ. ಊರವರು ಹೋಗಿ ದೂರು ಕೊಟ್ಟರು. ವೆಂಕಟರಾಯಪ್ಪನವರು ಶಾಂತವಾಗಿ ಕೇಳಿ, ಹಿಟ್ಟಿಗೆ ಗೋಂದು ಸೇರಿಸಲು ಅಪ್ಪಣೆ ಮಾಡಿದರು. ಮುದ್ದೆ ಗಟ್ಟಿಯಾಯಿತು. ಎಷ್ಟೆಂದರೆ ಕೋಲನ್ನು ಬಿಡಲಿಲ್ಲ. ಬಿಳಿ ಮುದ್ದೆ ನೋಡಿದರೆ ತಿಥಿಯೂಟದ ಪಿಂಡ ನೆನಪಾಗುತ್ತದೆಂದು ಮುದುಕರು ಕೈ ತೊಳೆದು ಎದ್ದಾಗ, ಕೆಂಪು ಬಣ್ಣ ಸೇರಿತು. ತಿಂದವರ ನಾಲಿಗೆ ಕೆಂಪಾಗಿ, ಊರಿನಲ್ಲಿ ಎಲೆಅಡಿಕೆಯ ಖರ್ಚು ಉಳಿಯಿತೆಂದು ಕಚೇರಿ ವರದಿ ಮಾಡಿತು. ವಾಸನೆಯಿಲ್ಲವೆಂಬ ದೂರಿಗೆ ಅತ್ತರು ಬಂತು. ಅದು ಮದುವೆಮನೆಯ ಅತ್ತರು. ಸೊಪ್ಪಿನ ಸಾರಿನ ಜೊತೆ ಅದನ್ನು ತಿಂದ ಗೋಪಾಲಪ್ಪ ತಟ್ಟೆಯನ್ನು ಸರಿಸಿ ತನ್ನ ಕೈ ಮೂಸಿಕೊಂಡ.

"ಏನಾಯ್ತು?" ಎಂದಳು ಮುನಿಲಕ್ಷ್ಮಮ್ಮ.

"ಏನಿಲ್ಲ. ಹೊಟ್ಟೆ ತುಂಬ್ತು. ಆದ್ರೆ ಉಂಡಂಗೆ ಆಗ್ಲಿಲ್ಲ ಕಣೆ."

ಒಂದೆರಡು ತಿಂಗಳಲ್ಲಿ ಜನ ಇಳಿದುಹೋದರು. ಪಂಚೆಗಳು ಸೊಂಟದಲ್ಲಿ ನಿಲ್ಲದಾದವು. ಹೊಲದಲ್ಲಿ ಕೆಲಸಕ್ಕಿಂತ ಕೂರುವ ಹೊತ್ತು ಜಾಸ್ತಿಯಾಯಿತು. ಸುಧಾರಿತ ಹಿಟ್ಟಿನ ಪ್ರಯೋಜನವನ್ನು ತೂಕದಿಂದ ಅಳೆದು ತಿಳಿಸಬೇಕೆಂದು ಮೇಲಿನಿಂದ ಆಜ್ಞೆ ಬಂದದ್ದೂ ಆಗಲೇ. ವೆಂಕಟರಾಯಪ್ಪನವರು ಡಿಪೋದ ಮೂಟೆ ತೂಗುವ ತಕ್ಕಡಿಯಲ್ಲಿ ಊರವರನ್ನೆಲ್ಲ ತೂಗಿಸಿ, ಬಂದ ಫಲವನ್ನು ನೋಡಿ, ತಕ್ಕಡಿಯನ್ನು ರಿಪೇರಿಗೆ ಕಳಿಸಿದರು. ರಿಪೇರಿಯಾಗಿ ಬಂದ ಮೇಲೂ ಅದು ಅದನ್ನೇ ಹೇಳಿತು. ಆಗ ಅಪ್ಪಯ್ಯಣ್ಣನವರು ಮುಂದೆ ಬಂದು, ತೂಕವರ್ಧಕವೆಂಬ ಬಿಳಿ ಪುಡಿಯೊಂದನ್ನು ಹಿಟ್ಟಿಗೆ ಬೆರೆಸಲು ಒಪ್ಪಿದರು. ಅದರಲ್ಲಿ ಸೀಮೆಸುಣ್ಣವೂ ಉಪ್ಪೂ ಸಮಸಮ ಇದ್ದವು. ಮೂಟೆಯ ತೂಕವಂತೂ ಕೂಡಲೇ ಹೆಚ್ಚಿತು. ಮನುಷ್ಯರ ತೂಕ ಹೆಚ್ಚಲು ಸ್ವಲ್ಪ ಕಾಲ ಹಿಡಿಯಿತು.

ಮೊದಲು ಪಾದ ಊದಿತು, ಆಮೇಲೆ ಮೀನಖಂಡ, ಆಮೇಲೆ ಮುಖ. ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು, ಬಿದ್ದ ಗುಳಿ ಹಾಗೇ ನಿಲ್ಲುತ್ತಿತ್ತು. ಗೋಪಾಲಪ್ಪ ದೊಡ್ಡ ಆಳಾದ್ದರಿಂದ ಊತವೂ ಅವನಲ್ಲಿ ದೊಡ್ಡದಾಗಿ ಬಂತು. ನಾಲ್ಕು ಹೆಜ್ಜೆ ನಡೆದರೆ ಎದೆ ಡವಗುಟ್ಟುತ್ತಿತ್ತು. ಮೂಗುದಾರ ಹಿಡಿದುಕೊಂಡರೆ ಎತ್ತು ಅವನನ್ನು ಎಳೆದುಕೊಂಡು ಹೋಗುತ್ತಿತ್ತು. ಒಂದು ಸಾಯಂಕಾಲ ಅವನು ಜಗಲಿಯ ಮೇಲೆ ಕೂತು ತನ್ನ ಕಾಲನ್ನೇ ನೋಡುತ್ತ, "ಇವು ನನ್ನ ಕಾಲಲ್ಲ ಕಣೆ, ಯಾರದ್ದೋ ತಂದು ಹಾಕವ್ರೆ," ಎಂದ. ಮುನಿಲಕ್ಷ್ಮಮ್ಮ ಬಿಸಿನೀರಿನ ಬಟ್ಟೆ ಹಿಂಡಿ ಆ ಕಾಲುಗಳಿಗೆ ಸುತ್ತಿದಳು. ಅವಳಿಗೆ ಅಳು ಬಂದಿತ್ತು. ಅತ್ತರೆ ಅವನು ಹೆದರಿಯಾನೆಂದು, ಬಟ್ಟೆ ಸರಿಯಾಗಿ ಒಗೆದಿಲ್ಲವೆಂದು ಯಾರನ್ನೋ ಬೈದಳು.

ತಕ್ಕಡಿ ಮತ್ತೆ ಬಂತು. ಗೋಪಾಲಪ್ಪನ ತೂಕ ತಾಲ್ಲೂಕಿಗೇ ಹೆಚ್ಚೆಂದು ತಿಳಿದು ವೆಂಕಟರಾಯಪ್ಪನವರ ಕಣ್ಣು ತುಂಬಿ ಬಂತು. ಹೊಸಕೋಟೆಯಲ್ಲಿ ಚಪ್ಪರ ಹಾಕಿಸಿ, ಅವನಿಗೆ 'ಆದರ್ಶ ಭೋಜಕ'ನೆಂಬ ಬಿರುದು ಕೊಡುವ ಸಭೆ ಏರ್ಪಡಿಸಿದರು. ವೇದಿಕೆಯ ಮೆಟ್ಟಿಲು ಹತ್ತಲಾರದೆ ಗೋಪಾಲಪ್ಪ ಕೆಳಗೇ ಕುಕ್ಕರಿಸಿದ. ನಾಲ್ಕು ಜನ ಹೊತ್ತು ಮೇಲೆ ತಂದರು.

"ಮಹಾಜನರೇ," ಎಂದರು ವೆಂಕಟರಾಯಪ್ಪನವರು, "ಹೋದ ವರ್ಷ ಈತ ಒಬ್ಬನೇ ಗಾಡಿಯನ್ನು ಎತ್ತುತ್ತಿದ್ದ. ಈಗ ಈತನನ್ನು ಎತ್ತಲು ನಾಲ್ಕು ಜನ ಬೇಕು. ಪುಷ್ಟಿಯೆಂದರೆ ಇದು."

ಚಪ್ಪಾಳೆಯಾಯಿತು. ತಟ್ಟಿದವರ ಕೈಗಳೂ ಊದಿದ್ದರಿಂದ ಸದ್ದು ಮೆತ್ತಗೆ ಕೇಳಿಸಿತು.

ಮುನಿಲಕ್ಷ್ಮಮ್ಮ ಸಭೆಯಲ್ಲಿ ಕೂರಲಾರದೆ ಎದ್ದು ಹೊರಗೆ ಬಂದಳು. ಚಪ್ಪರದ ಹಿಂದೆಯೇ ಅಪ್ಪಯ್ಯಣ್ಣನವರ ಮಿಲ್ಲು. ಅದರ ಹಿತ್ತಲಲ್ಲಿ ಮಿಲ್ಲಿನ ಗಾಡಿಯೆತ್ತುಗಳು ಬಾನಿಗೆ ಮುಖ ಹಾಕಿ ತಿನ್ನುತ್ತಿದ್ದವು. ಮೈ ಮಿರಿಮಿರಿ ಮಿಂಚುತ್ತಿತ್ತು, ನೊಣ ಕೂತರೆ ಜಾರುವ ಹಾಗೆ. ಬಾನಿಯಲ್ಲಿದ್ದ ಕೆಂಪು ಬೂಸಾವನ್ನು ಅವಳು ಕೈಗೆ ತೆಗೆದುಕೊಂಡು ಮೂಸಿದಳು. ತನ್ನ ಹೊಲದ ರಾಗಿಯ ವಾಸನೆ ಬಂತು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಅಗಿದು ನುಂಗಿ, ನೆಟ್ಟಗೆ ಡಿಪೋಗೆ ಹೋದಳು. ಅಲ್ಲಿ ಗುಮಾಸ್ತ ನರಸಿಂಹಯ್ಯ ಇದ್ದ.

"ಸ್ವಾಮಿ, ಆ ಬೂಸಾ ನಮಗೂ ಕೊಡಿ."

"ಅದು ರಾಗಿಯ ಸಿಪ್ಪೆ ಕಣಮ್ಮ. ಲೆಕ್ಕಕ್ಕೆ ಬರೆಸಿದ ಎತ್ತುಗಳಿಗೆ ಮಾತ್ರ. ಮನುಷ್ಯರು ತಿನ್ನೋದು ಕಾನೂನುಬಾಹಿರ."

"ತಿಂದ್ರೆ ಏನಾಗುತ್ತೆ?"

"ಅದು ಇನ್ನೂ ಪರೀಕ್ಷೆಯಾಗಿಲ್ಲ. ನೀವು ತಿಂತಿರೋದು ಪರೀಕ್ಷೆಯಾಗಿರೋ ಹಿಟ್ಟು. ನಿಮ್ಮ ಮೇಲೇ ಆಗ್ತಾ ಇದೆ."

ಮುನಿಲಕ್ಷ್ಮಮ್ಮನಿಗೆ ತಮ್ಮ ಹಟ್ಟಿ ನೆನಪಾಯಿತು. ಅವರ ಜೋಡಿಯಲ್ಲಿ ಒಂದೆತ್ತು ಹೋದ ಮಳೆಗಾಲದಲ್ಲಿ ಸತ್ತಿತ್ತು. ಅದರ ಜಾಗ ಹಟ್ಟಿಯಲ್ಲೂ ಖಾಲಿಯಿತ್ತು, ಸರ್ಕಾರದ ಲೆಕ್ಕದಲ್ಲೂ ಖಾಲಿಯಿತ್ತು.

"ನಮ್ದು ಇನ್ನೊಂದು ಎತ್ತು ಐತೆ ಸ್ವಾಮಿ. ಬರೆಸಿಲ್ಲ."

"ಬಣ್ಣ?"

"ಕಪ್ಪು."

"ಕೊಂಬು?"

"ಇಲ್ಲ. ಬಾಲಾನೂ ಇಲ್ಲ."

ನರಸಿಂಹಯ್ಯ ಲೇಖನಿ ಕೆಳಗಿಟ್ಟ. "ಹೆಸರೇನಮ್ಮ ಅದಕ್ಕೆ?"

"ಗೋಪಾಲ ಅಂತ."

ಚಪ್ಪರದ ಕಡೆಯಿಂದ 'ಆದರ್ಶ ಭೋಜಕ ಗೋಪಾಲಪ್ಪನಿಗೆ' ಎಂದು ಯಾರೋ ಜೈಕಾರ ಹಾಕುತ್ತಿದ್ದದ್ದು ಇಬ್ಬರಿಗೂ ಕೇಳಿಸುತ್ತಿತ್ತು. ನರಸಿಂಹಯ್ಯ ಮೇಜಿನ ಕೆಳಗಿದ್ದ ತನ್ನ ಕಾಲುಗಳನ್ನೊಮ್ಮೆ ನೋಡಿಕೊಂಡ. ಅವೂ ಚೆನ್ನಾಗಿ ಊದಿದ್ದವು. ಕೊಂಬು ಮತ್ತು ಬಾಲಗಳು ಎತ್ತಿಗೆ ಇರಲೇಬೇಕೆಂದು ನಿಯಮದಲ್ಲಿ ಎಲ್ಲೂ ಹೇಳಿಲ್ಲವೆಂದು ಅವನು ನಿಧಾನವಾಗಿ ವಿವರಿಸಿದ. ದನದ ಡಾಕ್ಟರು ಬಂದು, ಉಳುಮೆಗೆ ಯೋಗ್ಯವೆಂದು ಬರೆದುಕೊಟ್ಟರೆ ಸಾಕು.

ದನದ ಡಾಕ್ಟರು ಬಂದ ದಿನ ಗೋಪಾಲಪ್ಪ ಹಟ್ಟಿಯಲ್ಲಿ ನಿಂತಿದ್ದ. ನಿಲ್ಲಲು ಅವನು ಸುಲಭಕ್ಕೆ ಒಪ್ಪಿರಲಿಲ್ಲ. "ಮಾನ ಹೋಗುತ್ತೆ ಕಣೆ," ಎಂದಿದ್ದ. "ಚಪ್ಪರದಲ್ಲಿ ನಾಲ್ಕು ಜನ ಹೊತ್ಕೊಂಡ್ರಲ್ಲ, ಅಲ್ಲಿ ಉಳಿದಿದ್ದು ಎಷ್ಟು ಅಂತ ಹೇಳಿ, ಅಷ್ಟನ್ನ ಒಳಗೆ ಇಟ್ಟು ಬಾಗಿಲು ಹಾಕ್ತೀನಿ," ಎಂದಿದ್ದಳು ಅವಳು. ಆಮೇಲೆ ದನಿ ತಗ್ಗಿಸಿ, "ನೀವು ಇದ್ರೆ ಸಾಕು. ಏನಂತ ಇದ್ರೂ ಸರಿ," ಎಂದಳು. ಅವನು ಹೋಗಿ ಗೂಟದ ಪಕ್ಕ ನಿಂತ.

ಡಾಕ್ಟರು ಕಣ್ಣು ಅಗಲಿಸಿ ನೋಡಿದರು, ಹಲ್ಲು ಎಣಿಸಿದರು, ಬೆನ್ನು ತಟ್ಟಿದರು.

"ಹಾಯುತ್ತಾ?"

"ಇಲ್ಲ ಸ್ವಾಮಿ, ಸಾಧು."

"ಮಾತಾಡುತ್ತಾ?"

"ಕೇಳಿದ್ರೆ ಮಾತ್ರ," ಎಂದ ಗೋಪಾಲಪ್ಪ.

ಡಾಕ್ಟರು ತಲೆಯಾಡಿಸಿ, ಸದ್ಯಕ್ಕೆ ಉಳುಮೆಗೆ ಅಶಕ್ತ, ಬೂಸಾ ಕೊಟ್ಟರೆ ಯೋಗ್ಯವಾಗುವ ಸಂಭವವಿದೆ ಎಂದು ಬರೆದು ರುಜು ಹಾಕಿದರು. ಮನುಷ್ಯರ ಡಾಕ್ಟರಾಗಿದ್ದರೆ ಇಷ್ಟು ನಿಜ ಬರೆಯಲು ಅವರಿಗೆ ಅಧಿಕಾರವಿರುತ್ತಿರಲಿಲ್ಲ.

ಮುನಿಲಕ್ಷ್ಮಮ್ಮ ಬೂಸಾವನ್ನು ಜರಡಿ ಹಿಡಿದು, ಸೊಪ್ಪು ಬೇಯಿಸಿ ಕಲಸಿ, ಹುರುಳಿಕಾಳಿನ ಜೊತೆ ಉಂಡೆ ಕಟ್ಟಿದಳು. ಗಂಟಲಿಗೆ ಒರಟೇ. ಆದರೆ ಗೋಪಾಲಪ್ಪ ಮೊದಲ ತುತ್ತು ನುಂಗಿ, "ಉಂಡಂಗಾಯ್ತು," ಎಂದ. ಅವಳು ಮುಖ ತಿರುಗಿಸಿಕೊಂಡು ಒಲೆ ಊದಿದಳು. ದಿನ ಹೋದಂತೆ ಊತ ಇಳಿಯಿತು. ಮುಖದಲ್ಲಿ ಮೂಳೆ ಕಂಡಿತು, ಅವನದೇ ಮುಖ. ಒಂದು ಬೆಳಿಗ್ಗೆ ಅವನು ಯಾರಿಗೂ ಹೇಳದೆ ನೇಗಿಲು ಹೊತ್ತು ಹೊಲಕ್ಕೆ ಹೋಗಿಬಿಟ್ಟ.

ಅಲ್ಲಿಗೆ ತಕ್ಕಡಿಯವರು ಬಂದರು. ಆದರ್ಶ ಭೋಜಕನ ತೂಕ ಇಳಿದದ್ದು ಕಚೇರಿಯಲ್ಲಿ ಕೋಲಾಹಲವೆಬ್ಬಿಸಿತು. ಬಿರುದು ಪಡೆದವನು ಸರ್ಕಾರದ ಅನುಮತಿಯಿಲ್ಲದೆ ತೆಳ್ಳಗಾಗುವುದು ದ್ರೋಹವೆಂದು ವೆಂಕಟರಾಯಪ್ಪನವರು ಅವನನ್ನು ಕರೆಸಿದರು.

"ಏನಯ್ಯಾ, ನಿನ್ನ ಪುಷ್ಟಿ ಎಲ್ಲಿ?"

"ಇಳಿದೋಯ್ತು ಬುದ್ಧಿ. ಈಗ ಕೆಲಸ ಮಾಡ್ತೀನಿ."

"ಕೆಲಸದ ಮಾತು ಯಾರು ಕೇಳಿದರು? ತೂಕದ ಲೆಕ್ಕ ಕೊಡಬೇಕಾದವನು ನಾನು."

ಪಕ್ಕದಲ್ಲಿ ನಿಂತಿದ್ದ ನರಸಿಂಹಯ್ಯ ಕೆಮ್ಮಿ, ಈತ ಈಗ ಮನುಷ್ಯರ ಲೆಕ್ಕದಲ್ಲಿಲ್ಲವೆಂದೂ, ಎತ್ತುಗಳ ತೂಕವು ತಮ್ಮ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲವೆಂದೂ ತಿಳಿಸಿದ. ವೆಂಕಟರಾಯಪ್ಪನವರ ಮುಖದಲ್ಲಿ ನೆಮ್ಮದಿ ಕಾಣಿಸಿತು. ಎತ್ತಿನೊಡನೆ ಇಷ್ಟು ಹೊತ್ತು ವಾದ ಮಾಡಿದ್ದಕ್ಕೆ ಅವರು ಸ್ವಲ್ಪ ನಾಚಿಕೊಂಡರು ಕೂಡ.

ಸುದ್ದಿ ಹಬ್ಬಿತು. ತಳವಾರ ಪಾಪಯ್ಯ ಎತ್ತಾದ. ಪಟೇಲರ ಮನೆಯವರು ಮರ್ಯಾದೆಗೆ ಹೆದರಿ, ತಮ್ಮನ್ನು ಹಳ್ಳಿಕಾರ್ ತಳಿಯೆಂದೇ ಬರೆಯಬೇಕೆಂದು ಹಟ ಹಿಡಿದು ಬರೆಸಿದರು. ಹೆಂಗಸರು ಹಸುಗಳಾದರು. ನರಸಿಂಹಯ್ಯ ತನ್ನ ಹೆಸರನ್ನು ತಾನೇ ಬರೆದುಕೊಂಡ. ಆ ವರ್ಷದ ಕೊನೆಗೆ ಜಡಿಗೇನಹಳ್ಳಿಯಲ್ಲಿ ಮನುಷ್ಯರು ಬಹಳ ಕಡಿಮೆಯಾಗಿ, ಹಸಿವಿನ ಬಗ್ಗೆ ಒಂದೂ ದೂರಿಲ್ಲದೆ, ಆಹಾರದ ಸಮಸ್ಯೆ ಬಗೆಹರಿದಿದೆಯೆಂದು ವೆಂಕಟರಾಯಪ್ಪನವರು ಬರೆದು ಕಳಿಸಿದರು. ದನಕರುಗಳ ಅಭಿವೃದ್ಧಿಗಾಗಿ ತಾಲ್ಲೂಕಿಗೆ ಮೆಚ್ಚುಗೆ ಬಂತು.

ತಾಲ್ಲೂಕಿನಲ್ಲಿ ಸುಧಾರಿತ ಹಿಟ್ಟನ್ನು ಮನಃಪೂರ್ವಕವಾಗಿ ತಿನ್ನುತ್ತಿದ್ದವರು ಕಡೆಗೆ ಒಬ್ಬರೇ ಉಳಿದರು. ಭಾವನ ಮಿಲ್ಲಿನಿಂದ ಮೂಟೆ ಪುಕ್ಕಟೆಯಾಗಿ ಬರುತ್ತಿತ್ತು. ಅವರಿಗೆ ಬಣ್ಣ ಹಾಕದ ಬಿಳಿಯದು. ಒಂದು ಮಧ್ಯಾಹ್ನ ವೆಂಕಟರಾಯಪ್ಪನವರು ಬೂಟು ಕೈಯಲ್ಲಿ ಹಿಡಿದುಕೊಂಡು, ಗೋಡೆ ಹಿಡಿದು ಹಿಡಿದು ಗೋಪಾಲಪ್ಪನ ಮನೆಯ ಮುಂದೆ ಬಂದು ನಿಂತರು. ಬೂಟು ಕಾಲಿಗೆ ಹೋಗುತ್ತಿರಲಿಲ್ಲ.

"ತಾಯಿ, ನಿಮ್ಮ ಹಟ್ಟೀಲಿ ಇನ್ನೊಂದು ಎತ್ತಿಗೆ ಜಾಗ ಇದೆಯೇ?"

ಮುನಿಲಕ್ಷ್ಮಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಉಳೋಕೆ ಬರುತ್ತಾ?"

"ಬರೋದಿಲ್ಲ."

"ಗಾಡಿ ಎಳೆಯೋಕೆ?"

ಅವರು ಕೈಯಲ್ಲಿದ್ದ ಬೂಟನ್ನು ತೋರಿಸಿದರು. ಗೋಪಾಲಪ್ಪನಿಗೆ ಪಾಪವೆನಿಸಿತು. ತಾನು ಚಪ್ಪರದಲ್ಲಿ ಕುಕ್ಕರಿಸಿದ್ದು ಅವನಿಗೆ ಮರೆತಿರಲಿಲ್ಲ. ಆದರೂ ಎದ್ದು ಹೋಗಿ, ಅವರ ಕಂಕುಳಿಗೆ ಕೈ ಕೊಟ್ಟು ಜಗಲಿಗೆ ಹತ್ತಿಸಿದ. "ಬರ್ಸು ಕಣೆ. ಅವರೂ ಹೊಟ್ಟೆಗೇ ತಾನೆ ತಿನ್ನೋದು," ಎಂದ. ದನದ ಡಾಕ್ಟರು ಬಂದು, ಕೆಲಸಕ್ಕೆ ಬಾರದು, ಕನ್ನಡಕವಿದೆ, ಹಾಯುವುದಿಲ್ಲ ಎಂದು ಬರೆದುಕೊಟ್ಟರು. ಅಂದಿನಿಂದ ವೆಂಕಟರಾಯಪ್ಪನವರು ಬೆಳಿಗ್ಗೆ ಸುಧಾರಿತ ಹಿಟ್ಟಿನ ಗುಣಗಳ ಬಗ್ಗೆ ಊರೂರಲ್ಲಿ ಭಾಷಣ ಮಾಡಿ, ಮಧ್ಯಾಹ್ನ ಹಟ್ಟಿಗೆ ಬಂದು ಉಣ್ಣತೊಡಗಿದರು.

ಬೂಸಾಕ್ಕೆ ಬೇಡಿಕೆ ಹೆಚ್ಚಿದ್ದನ್ನು ಕಂಡು ಅಪ್ಪಯ್ಯಣ್ಣನವರು ಅದಕ್ಕೂ ಮರದ ಹೊಟ್ಟು ಬೆರೆಸಲು ಶುರುಮಾಡಿದರು. ಮೊದಲ ತುತ್ತಿಗೇ ವೆಂಕಟರಾಯಪ್ಪನವರ ಹಲ್ಲಿಗೆ ಸಿಬರು ಸಿಕ್ಕಿಕೊಂಡಿತು. ಸರ್ಕಾರಿ ಕೆಲಸಕ್ಕೆ ಸೇರಿದ ಮೇಲೆ ಅವರಿಗೆ ನಿಜವಾಗಿ ಸಿಟ್ಟು ಬಂದದ್ದು ಅದೇ ಮೊದಲು. ಮಾರನೆಯ ದಿನವೇ ಊರವರನ್ನೆಲ್ಲ ಡಿಪೋದ ಮುಂದೆ ಸೇರಿಸಿ ಪ್ರಕಟಣೆ ಓದಿದರು. ಇನ್ನು ಮುಂದೆ ಜಾನುವಾರುಗಳ ಮೇವಿಗೆ ಯಾವ ವಸ್ತುವನ್ನು ಬೆರೆಸಿದರೂ ಬೆರೆಸಿದವರನ್ನು ಸಂಬಂಧಿಕರೆಂಬುದನ್ನೂ ನೋಡದೆ ಜೈಲಿಗೆ ಹಾಕಲಾಗುವುದು. ಮೂಕಪ್ರಾಣಿಗಳಿಗೆ ಮೋಸ ಮಾಡುವುದನ್ನು ಈ ಕಚೇರಿ ಸಹಿಸುವುದಿಲ್ಲ. ಮನುಷ್ಯರ ಹಿಟ್ಟು ಮಾತ್ರ ಈಗಿರುವಂತೆಯೇ ಮುಂದುವರಿಯುವುದು.

ಸೇರಿದ್ದ ಎತ್ತುಗಳೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದವು.