ಖಾಲಿ ಇಪ್ಪತ್ತೇಳು

ಕೆಂಚಾರ್ಲಹಳ್ಳಿಯ ಚನ್ನಕೇಶವ ಆ ಗುರುವಾರ ಬೆಳಿಗ್ಗೆ ಮಾಡಿದ ತಪ್ಪು ಒಂದೇ. ಎರಡು ವರ್ಷ ಕೂತು ಮುಗಿಸಿದ ಚಿತ್ರವನ್ನು, ಮಳೆಗಾಲದ ತೇವ ಎಳೆಬಿಸಿಲಿಗೆ ಆರಲಿ ಎಂದು ಮನೆಯ ಮುಂದಿನ ಗೋಡೆಗೆ ಒರಗಿಸಿಟ್ಟು, ಕ್ಷೌರಕ್ಕೆ ಹೋದ. ಹೆಂಡತಿ ಯಶೋಧರಾ ಅಷ್ಟು ಹೊತ್ತಿಗೆ ಶಿಡ್ಲಘಟ್ಟದ ಬಸ್ಸು ಹತ್ತಿ ಶಾಲೆಗೆ ಹೋಗಿಯಾಗಿತ್ತು. ಗೋಡೆಯ ಕಾವಲಿಗೆ ಯಾರೂ ಇರಲಿಲ್ಲ.

ಚಿತ್ರವೆಂದರೆ ಬಟ್ಟೆಯ ಮೇಲೆ ಬರೆದದ್ದಲ್ಲ. ಅದೊಂದು ಚಂದ್ರಿಕೆ. ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಬಿಡುತ್ತಾರಲ್ಲ, ಬಿದಿರ ದಬ್ಬೆಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಹೆಣೆದ ಆಳುದ್ದದ ತಟ್ಟಿ, ಅದು. ಹಿಂದೆ ಚಿಂತಾಮಣಿಯಲ್ಲಿ ಲಾರಿಗಳ ಬೆನ್ನಿಗೆ ಕಮಲದ ಹೂ ಬರೆಯುತ್ತಿದ್ದ ಚನ್ನಕೇಶವ, ಬೆಂಗಳೂರಿನ ಕಲಾಶಾಲೆ ದಾಟಿ, ನಲವತ್ತೈದರ ಹೊತ್ತಿಗೆ ಬರ್ಲಿನ್, ಸೋಲ್, ಲಿಸ್ಬನ್ ಎಲ್ಲ ನೋಡಿಬಂದದ್ದು ಈ ತಟ್ಟಿಗಳ ಬೆನ್ನು ಹತ್ತಿಯೇ. ಹುಳು ಸಾಕುವುದನ್ನು ಬಿಟ್ಟ ಮನೆಗಳ ಅಟ್ಟದಿಂದ ಹಳೆಯ ಚಂದ್ರಿಕೆ ತರುತ್ತಿದ್ದ. ಅದಕ್ಕೆ ಸುಣ್ಣ ಬಳಿದು, ಸುರುಳಿಯ ಅಂಚಿಗೆ ಕೂದಲೆಳೆಯಷ್ಟು ಕಾಡಿಗೆಯ ಗೆರೆ ಎಳೆಯುತ್ತಿದ್ದ. ಹೆಸರು ‘ಖಾಲಿ’, ಪಕ್ಕದಲ್ಲಿ ಒಂದು ನಂಬರು. ಹುಳು ಬಿಟ್ಟುಹೋದ ಮನೆಯೇ ಚಿತ್ರ, ಅದರಲ್ಲಿ ಏನೂ ಇರಕೂಡದು, ನೋಡುವವರು ಆ ಇಲ್ಲದ್ದನ್ನೇ ನೋಡಬೇಕು ಎಂಬುದು ಅವನ ವಿಚಾರ. ಲಿಸ್ಬನ್ನಿನ ಪತ್ರಿಕೆಯೊಂದು ಅವನನ್ನು ‘ಶೂನ್ಯದ ಬೇಸಾಯಗಾರ’ ಎಂದು ಕರೆದಿತ್ತು. ಅದನ್ನು ಊರವರಿಗೆ ಓದಿ ಹೇಳಿದಾಗ ಪಕ್ಕದ ಮನೆಯ ಆವುಲಪ್ಪ, "ಬೋರ್‌ವೆಲ್ ಬೇಕಾಗಿಲ್ವಲ್ಲ, ಪುಣ್ಯವಂತ" ಅಂದಿದ್ದ.

ಆದರೆ ಆರು ವರ್ಷದಿಂದ ಶೂನ್ಯಕ್ಕೂ ಗಿರಾಕಿಯಿರಲಿಲ್ಲ. ಲಿಸ್ಬನ್ನಿನ ಗ್ಯಾಲರಿಯವರು ಬೇಸಿಗೆಯಲ್ಲಿ, ದೊಡ್ಡ ಪ್ರದರ್ಶನವೊಂದಿದೆ, ಹೊಸದೇನಾದರೂ ಉಂಟೇ ಎಂದು ಕೇಳಿದ್ದರು. ಇಪ್ಪತ್ತೇಳನೆಯದರ ಫೋಟೊ ಕಳಿಸಿ ಚನ್ನಕೇಶವ ನಾಲ್ಕು ತಿಂಗಳು ಕಾದ. ಸೋಮವಾರ ಅವರ ಬೆಂಗಳೂರಿನ ಕಚೇರಿಯಿಂದ ಒಂದೇ ಸಾಲು ಬಂತು: ಗುರುವಾರ ಸಂಜೆ ನಾಲ್ಕಕ್ಕೆ ಗಾಡಿ ಬರುತ್ತದೆ, ಮನೆಯಲ್ಲಿರಿ. ಚಿತ್ರದ ಜೊತೆ ಫೋಟೊ ತೆಗೆಯುವುದು ಅವರ ಪದ್ಧತಿ. ಕ್ಷೌರಕ್ಕೆ ಹೋದದ್ದು ಅದಕ್ಕೇ.

ತಿರುಗಿ ಬಂದಾಗ ಗೋಡೆ ಮಾತ್ರ ಇತ್ತು. ಬುಡದಲ್ಲಿ ಉದುರಿದ ಸುಣ್ಣ ಬೆಳ್ಳಗೆ ಗೆರೆ ಎಳೆದಂತೆ ಬಿದ್ದಿತ್ತು. ಆ ಗೆರೆ ನೇರವಾಗಿ ಆವುಲಪ್ಪನ ಮನೆ ಬಾಗಿಲಿಗೆ ಹೋಗಿತ್ತು.

ಆ ಮನೆಯಲ್ಲಿ ಅಂದು ಹುಳು ಹಣ್ಣಾಗಿತ್ತು. ಹುಳು ಹಣ್ಣಾದ ದಿನ ಆ ಕಡೆಯ ಹಳ್ಳಿಗಳಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಯಾರ ಗೋಡೆಗೆ ಚಂದ್ರಿಕೆ ಒರಗಿದ್ದರೂ ಎತ್ತಿಕೊಂಡು ಹೋಗುತ್ತಾರೆ, ಗೂಡು ಬಿಡಿಸಿದ ಮೇಲೆ ತಂದಿಡುತ್ತಾರೆ. ಸುಣ್ಣ ಬಳಿದು ಬಿಸಿಲಿಗಿಟ್ಟ ಚಂದ್ರಿಕೆಯೆಂದರೆ ರೋಗ ತೊಳೆದು ಸಿದ್ಧಮಾಡಿಟ್ಟದ್ದು ಎಂದು ಮೂರು ವರ್ಷದ ಮಗುವಿಗೂ ಗೊತ್ತು.

ಆವುಲಪ್ಪನ ಹೆಂಡತಿ ಅಮ್ಮಾಜಮ್ಮ ತಟ್ಟೆ ತುಂಬ ಹುಳು ಆಯ್ದುಕೊಂಡು ಎದುರಾದಳು. "ಬಾಪ್ಪ ಕೇಶವ. ಕೇಳಕ್ಕೆ ಮುಂಚೆನೇ ಸುಣ್ಣ ಹೊಡ್ದು ಇಟ್ಟಿದ್ದೀಯ. ಇಂಥ ನೆರೆ ಯಾರಿಗ್ ಸಿಗ್ತದೆ ಹೇಳು."

ಅವಳ ಹಿಂದೆ ಖಾಲಿ ಇಪ್ಪತ್ತೇಳು ನಿಂತಿತ್ತು. ಅದರ ಮೇಲೆ ಸಾವಿರ ಹುಳು ಹರಿದಾಡುತ್ತಿದ್ದವು. ಗೂಡಿಗೆ ಕೂರುವ ಮುಂಚೆ ಹೊಟ್ಟೆ ಖಾಲಿ ಮಾಡುವುದು ಅವುಗಳ ಅಭ್ಯಾಸ. ಸುಣ್ಣದ ಮೇಲೆ ಹಳದಿ ಹನಿಗಳು, ಮದುವೆಮನೆಯ ಪಂಚೆಗೆ ಸಾರು ಚೆಲ್ಲಿದ ಹಾಗೆ, ಒಂದರ ಪಕ್ಕ ಒಂದು ಬೀಳುತ್ತಿದ್ದವು.

"ಅಮ್ಮಾಜಮ್ಮ, ಅದು ಚಿತ್ರ."

ಅವಳು ತಿರುಗಿ ನೋಡಿದಳು. "ಎಲ್ಲಿ?"

"ಅದೇ. ಚಂದ್ರಿಕೆನೇ ಚಿತ್ರ."

"ಏನ್ ಬರ್ದಿದ್ದೆ ಅದ್ರಲ್ಲಿ?"

ಚನ್ನಕೇಶವ ಮೂರು ದೇಶಗಳಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟವನು. "ಏನೂ ಇಲ್ಲ" ಅಂದ.

"ಏನೂ ಇಲ್ದೇ ಇರೋದ್ರಲ್ಲಿ ಕೆಟ್ಟೋಗಿದ್ದೇನಪ್ಪ?"

ಸಂಜೆ ಗಾಡಿ ಬರುವುದನ್ನು ಅವನು ಹೇಳಿದ ಮೇಲೆ ಹುಳು ಆಯುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಅಮ್ಮಾಜಮ್ಮನ ಸೊಸೆ ಕವಿತ, "ಹುಳ ಸಮೇತ ಕಳ್ಸಿಬಿಡಿ ಮಾವ. ತಲುಪಕ್ಕೆ ಎಷ್ಟ್ ದಿನ?" ಎಂದು ಕೇಳಿದಳು.

"ಮೂರು ವಾರ."

"ಅಷ್ಟೊತ್ತಿಗೆ ಚಿಟ್ಟೆ ಆಗಿ ಎದ್ದೋಗ್ತಾವೆ. ಬ್ಯಾಡ ಬಿಡಿ."

ಬೇರೆ ಚಂದ್ರಿಕೆ ತಂದುಕೊಟ್ಟರೆ ಹುಳು ಬದಲಾಯಿಸಬಹುದು ಎಂದು ತೀರ್ಮಾನವಾಯಿತು. ಊರಲ್ಲಿ ಅಂದು ಮೂರು ಮನೆಯಲ್ಲಿ ಹುಳು ಹಣ್ಣಾಗಿತ್ತು, ಒಂದು ತಟ್ಟಿಯೂ ಮಿಕ್ಕಿರಲಿಲ್ಲ. ಅಮ್ಮಾಜಮ್ಮನಿಗೇ ಇನ್ನೂ ಹದಿನೈದು ಸಾಲದಾಗಿತ್ತು. ಚಂದ್ರಿಕೆ ಬಾಡಿಗೆಗೆ ಕೊಡುವ ಮುರುಗಮಲ್ಲದ ಮೆಹಬೂಬ್ ಪಾಷಾನ ಹತ್ತಿರ ಇರಬಹುದು ಎಂದು ಆವುಲಪ್ಪ ಹೇಳಿದ. ಚನ್ನಕೇಶವ ಸ್ಕೂಟರ್ ಹತ್ತಿದ.

ಗುರುವಾರವಾದ್ದರಿಂದ ಮುರುಗಮಲ್ಲದಲ್ಲಿ ದರ್ಗಾಕ್ಕೆ ಬಂದ ಜನ ರಸ್ತೆ ತುಂಬ ಇದ್ದರು. ಪಾಷಾನ ಕೊಟ್ಟಿಗೆ ತಲುಪುವುದಕ್ಕೇ ಒಂದು ಗಂಟೆ ಹಿಡಿಯಿತು.

"ಒಂದೇ ಒಂದು ಉಳಿದದೆ ಕೇಶವಣ್ಣ" ಅಂದ ಪಾಷಾ. "ಎಲ್ಲಾರೂ ಪ್ಲಾಸ್ಟಿಕ್‌ಗೆ ಹೋಗಿಬಿಟ್ರು. ನೀವು ಫಾರಿನ್ನಿಗೆ ಕಳಿಸಿದ್ದೇ ಹೆಚ್ಚಾಯ್ತು ನೋಡಿ, ಇಲ್ಲಿ ಕಾಲ ಕಾಲಕ್ಕೆ ಸಿಗಂಗಿಲ್ಲ. ಅಲ್ಲಿ ಏನ್ ಮಾಡ್ತಾರೆ ಅದನ್ನ?"

"ನೋಡ್ತಾರೆ."

"ನೋಡಿ?"

"ಮನೆಗೆ ಹೋಗ್ತಾರೆ."

"ಪೋನೀಲೇಂಡಿ, ಹೋಗ್ಲಿ ಬಿಡಿ" ಎಂದು ಪಾಷಾ ಹಗ್ಗ ಬಿಗಿದುಕೊಟ್ಟ.

ಆರಡಿ ತಟ್ಟಿಯನ್ನು ಬೆನ್ನಿಗೆ ಅಡ್ಡ ಕಟ್ಟಿಕೊಂಡ ಸ್ಕೂಟರು ಗಾಳಿಗೆ ಸಿಕ್ಕ ಪತಂಗದಂತಾಯಿತು. ಬಸ್ಸೊಂದು ಪಕ್ಕದಲ್ಲಿ ಹಾಯ್ದದ್ದೇ ಚನ್ನಕೇಶವ ರಾಗಿಹೊಲದೊಳಗಿದ್ದ. ಮಂಡಿ ತರಚಿತ್ತು, ಹೊಸ ಕ್ಷೌರದ ತಲೆ ತುಂಬ ಕೆಮ್ಮಣ್ಣು. ಚಂದ್ರಿಕೆಗೆ ಏನೂ ಆಗಿರಲಿಲ್ಲ. ಮಿಕ್ಕ ದಾರಿಯನ್ನು ಅವನು ಸ್ಕೂಟರ್ ತಳ್ಳಿಕೊಂಡಷ್ಟು ನಿಧಾನವಾಗಿ ಬಂದ. ಮನೆ ಮುಟ್ಟಿದಾಗ ಎರಡೂವರೆ.

ಅಷ್ಟರಲ್ಲಿ ಹುಳುಗಳು ಜಾಗ ಹಿಡಿದು, ತಲೆ ಆಡಿಸುತ್ತ ಸುತ್ತಲೂ ಎಳೆ ಬಿಟ್ಟಿದ್ದವು. ಸುರುಳಿಯ ಮೇಲೆ ತೆಳ್ಳನೆ ಮಂಜು ಕೂತಂತೆ ಕಾಣುತ್ತಿತ್ತು. ಅಮ್ಮಾಜಮ್ಮ ಬಗ್ಗಿ ನೋಡಿ, ಸೆರಗಿಗೆ ಕೈ ಒರೆಸಿಕೊಂಡಳು.

"ಈಗ ಕಿತ್ರೆ ಮತ್ತೆ ಗಟ್ಟಿಯಾಗಿ ಕಟ್ಟಲ್ಲಪ್ಪ. ತೆಳುಗೂಡಾಗ್ತದೆ. ಮಾರ್ಕೆಟ್‌ನಲ್ಲಿ ಕೈಲೂ ಮುಟ್ಟಲ್ಲ."

ಚನ್ನಕೇಶವ ಹೊತ್ತು ತಂದ ಪಾಷಾನ ತಟ್ಟಿಯನ್ನು ಗೋಡೆಗೆ ಒರಗಿಸಿದ.

"ಇದು ಇವತ್ ಹೋಗ್ಲಿಲ್ಲ ಅಂದ್ರೆ?" ಎಂದು ಅವಳು ಕೇಳಿದಳು.

"ಆರು ವರ್ಷ ಆಯ್ತಮ್ಮ, ಯಾರೂ ನನ್ನ ಕೇಳಿ. ಇದು ಹೋಗ್ಲಿಲ್ಲ ಅಂದ್ರೆ ಇನ್ನ ಕೇಳಲ್ಲ. ನಾನು ಬದುಕಿದ್ದೀನಿ ಅನ್ನೋದೇ ಅವರಿಗೆ ಮರ್ತೋಗ್ತದೆ."

ಅಮ್ಮಾಜಮ್ಮ ಸ್ವಲ್ಪ ಹೊತ್ತು ಹುಳು ನೋಡಿದಳು, ಸ್ವಲ್ಪ ಹೊತ್ತು ಅವನ ಮಂಡಿ ನೋಡಿದಳು. ಇಪ್ಪತ್ತೈದು ದಿನ, ಹಗಲಿಗೂ ರಾತ್ರಿಗೂ ಸೊಪ್ಪು ಹಾಕಿ ಸಾಕಿದ ಹುಳು. "ಕವಿತ, ಬಾರೆ" ಅಂದಳು. "ಕೀಳಣ."

ಒಂದೊಂದನ್ನೇ ಎಳೆ ಹರಿದು ಬಿಡಿಸಿದರು. ಬಿಡಿಸಿದ ಹುಳು ಪಾಷಾನ ತಟ್ಟಿಯ ಮೇಲೆ ದಾರಿ ತಪ್ಪಿದವರಂತೆ ಸುಮ್ಮನೆ ಬಿದ್ದಿತ್ತು. ಚನ್ನಕೇಶವನಿಗೆ ಆ ಕಡೆ ನೋಡಲಾಗಲಿಲ್ಲ.

ಚಿತ್ರವನ್ನು ಹೊತ್ತುಕೊಂಡು ಹೋಗಿ, ಒದ್ದೆ ಬಟ್ಟೆಯಲ್ಲಿ ಹಳದಿ ಒತ್ತಿದರೆ ಹಳದಿಯ ಜೊತೆ ಸುಣ್ಣವೂ ಎದ್ದುಬಂತು. ಸುಣ್ಣ ಮತ್ತೆ ಬಳಿದರೆ ಕಾಡಿಗೆಯ ಗೆರೆ ಮುಚ್ಚಿತು. ಗೆರೆ ಎಳೆಯಲು ಕೂತರೆ ಕಾಡಿಗೆ ಹಸಿ ಸುಣ್ಣದಲ್ಲಿ ಹರಡಿತು. ಎರಡು ವರ್ಷದ ಕೆಲಸವನ್ನು ಐವತ್ತು ನಿಮಿಷದಲ್ಲಿ ಇನ್ನೊಮ್ಮೆ ಮಾಡಿ ಮುಗಿಸಿದಾಗ ಖಾಲಿ ಇಪ್ಪತ್ತೇಳು ಜ್ವರ ಬಿಟ್ಟೆದ್ದವನ ಮುಖದಂತಿತ್ತು. ದೂರದಿಂದ ನೋಡಿದರೆ ಪರವಾಗಿಲ್ಲ ಅಂದುಕೊಂಡ. ಲಿಸ್ಬನ್ ದೂರವೇ ತಾನೆ.

ನಾಲ್ಕಕ್ಕೆ ಸರಿಯಾಗಿ ಗಾಡಿ ಬಂತು. ಊರಿಗೂರೇ ನೋಡಲು ನಿಂತಿತು. ಡ್ರೈವರು ಹಿಂಬಾಗಿಲು ತೆಗೆದ. ಒಳಗೆ ಮೂರು ದೊಡ್ಡ ಮರದ ಪೆಟ್ಟಿಗೆಗಳಿದ್ದವು.

"ಅವು ಇರ್ಲಿ, ಪಕ್ಕಕ್ಕೆ ಸರಿಸಿ" ಅಂದ ಚನ್ನಕೇಶವ. "ಇದನ್ನ ಜೋಪಾನವಾಗಿ ಒಳಗೆ ಹಾಕಿ."

"ಹಾಕಕ್ಕಲ್ಲ ಸಾರ್, ನಾನು ಬಂದಿರೋದು ಇಳಿಸಕ್ಕೆ" ಎಂದು ಡ್ರೈವರು ಲಕೋಟೆ ಕೊಟ್ಟ.

ಕಾಗದ ಬಹಳ ಮರ್ಯಾದೆಯಿಂದ ಬರೆದದ್ದಾಗಿತ್ತು. ಗ್ಯಾಲರಿ ಚಿಕ್ಕ ಜಾಗಕ್ಕೆ ಹೋಗುತ್ತಿದೆ. ಪ್ರದರ್ಶನಕ್ಕೆ ಬೇರೆ ಕಲಾವಿದರನ್ನು ಆರಿಸಿಕೊಂಡಿದ್ದಾರೆ. ಇಷ್ಟು ವರ್ಷ ಮಾರಾಟವಾಗದೆ ಉಳಿದ ಕೃತಿಗಳನ್ನು, ಖಾಲಿ ಒಂಬತ್ತರಿಂದ ಇಪ್ಪತ್ತಾರರವರೆಗೆ, ಗೌರವಪೂರ್ವಕವಾಗಿ ಹಿಂದಿರುಗಿಸಿದ್ದಾರೆ.

ಡ್ರೈವರು ತೋರಿಸಿದ ಕಡೆ ಚನ್ನಕೇಶವ ಸಹಿ ಹಾಕಿದ. ಪೆಟ್ಟಿಗೆ ಇಳಿದವು. ಗಾಡಿ ಹೋಯಿತು. ಚನ್ನಕೇಶವ ಒಂದು ಪೆಟ್ಟಿಗೆಯ ಮೇಲೆ ಕೂತ.

ಅಮ್ಮಾಜಮ್ಮ ಹತ್ತಿರ ಬಂದಳು. "ಏನಿದೆಯಪ್ಪ ಇದ್ರಲ್ಲಿ?"

"ಚಂದ್ರಿಕೆ."

"ಎಷ್ಟು?"

"ಹದಿನೆಂಟು."

ಅವಳು ಬೈಯುತ್ತಾಳೆಂದು ಅವನು ಕಾದ. ಅವಳು ಬೈಯಲಿಲ್ಲ. ತನ್ನ ಮನೆಯ ಕಡೆ ನೋಡಿದಳು. ಅಲ್ಲಿ ತಟ್ಟಿ ಸಾಲದೆ ಹುಳು ಗೋಡೆ ಹತ್ತುತ್ತಿತ್ತು. ಹೊಸಿಲಿನ ಮೂಲೆಯಲ್ಲಿ, ಪೊರಕೆಯ ಕಡ್ಡಿಯಲ್ಲಿ, ಸಿಕ್ಕಿದಲ್ಲಿ ಎಳೆ ಬಿಡಲು ಶುರುಮಾಡಿತ್ತು.

"ಆವುಲಪ್ಪ, ಹಾರೆ ತಗೊಂಬಾ" ಅಂದ ಚನ್ನಕೇಶವ, ಎದ್ದು ನಿಂತು. "ಇಪ್ಪತ್ತೇಳನೇದನ್ನೂ ತಗೊಂಡೋಗಿ. ಸುಣ್ಣ ಇನ್ನೂ ಹಸಿ ಇದೆ, ಒಂದ್ ಗಳಿಗೆ ಬಿಸಿಲಿಗಿಡಿ."

ಪೆಟ್ಟಿಗೆಗಳು ಒಡೆದವು. ಹೆಂಗಸರು ಖಾಲಿ ಒಂಬತ್ತನ್ನೂ ಹದಿಮೂರನ್ನೂ ತಲೆಯ ಮೇಲೆ ಹೊತ್ತು ಓಡಿದರು. ಚನ್ನಕೇಶವನ ಕೈಗೂ ಕವಿತ ಒಂದು ತಟ್ಟೆ ಕೊಟ್ಟಳು. ಅವನು ಹುಳು ಆಯ್ದು ಸುರುಳಿಗೆ ಬಿಡುತ್ತ ಕೂತ. ಆವುಲಪ್ಪ ಒಂದು ಚಂದ್ರಿಕೆಯ ಬೆನ್ನು ತಿರುಗಿಸಿ, ಅಂಟಿಸಿದ್ದ ಚೀಟಿಗಳನ್ನು ಬೆರಳಿಟ್ಟು ನೋಡಿದ.

"ಎಲ್ಲೆಲ್ಲಿಗ್ ಹೋಗಿತ್ತಪ್ಪ ಇದು?"

"ಬರ್ಲಿನ್, ಸೋಲ್, ಲಿಸ್ಬನ್."

"ಅಲ್ಲೆಲ್ಲ ಹುಳ ಸಾಕ್ತಾರಾ?"

"ಇಲ್ಲ."

"ಮತ್ತೆ" ಅಂದ ಆವುಲಪ್ಪ, ಚಂದ್ರಿಕೆಯನ್ನು ಗೋಡೆಗೆ ಒರಗಿಸುತ್ತ. "ವಾಪಸ್ ಕಳ್ಸದೆ ಇನ್ನೇನ್ ಮಾಡ್ತಾರೆ, ಪಾಪ."