ತಾಮ್ರದ ಹಂಡೆಯಲ್ಲಿ ಐದು ಮೀನು

ಬುದ್ಧಿವಂತನಾಗಿ ಹುಟ್ಟುವುದು ದೊಡ್ಡ ಕಷ್ಟ. ಯಾರು ಎದುರಿಗೆ ನಿಂತು ಬುದ್ಧಿ ಹೇಳಿದರೂ ನಮ್ಮಂಥವರ ಕಿವಿಗೆ ಇಳಿಯುವುದಿಲ್ಲ. ಹೊಳೆನರಸೀಪುರದಲ್ಲಿ ನನ್ನ ಕೈಲಿ ಯಾಮಾರದವರು ಕಡಿಮೆ. ಭಾವಮೈದನ ಮದುವೆಯಲ್ಲಿ ಬೀಗರ ಚಪ್ಪಲಿಗಳನ್ನೆಲ್ಲ ಬಚ್ಚಿಟ್ಟು, ನಾನೇ ಹುಡುಕಿಕೊಟ್ಟು ಹೊಗಳಿಸಿಕೊಂಡವನು ನಾನು. ಇಂಥವನ ಕೈಗೆ ಐದು ಮೀನು ಒಪ್ಪಿಸಿ ನನ್ನ ಹೆಂಡತಿ ಗಿರಿಜೆ, ಹುಷಾರಿಲ್ಲದ ತಂಗಿಯನ್ನು ನೋಡಲು ಕೊಣನೂರಿಗೆ ಹೊರಟಳು. ಮನೆಯ ಹಾಲಿಗೆ ಹೊಸ ಟೈಲ್ಸ್ ಹಾಕಿಸಬೇಕಿತ್ತು. ಅಲ್ಲಿದ್ದ ನಾಲ್ಕಡಿ ಅಕ್ವೇರಿಯಂ ಕೋಣೆಗೆ ಹೋಗಬೇಕಿತ್ತು.

"ರೀ, ನಿಮ್ ಆಟ ಎಲ್ಲಾ ನನ್ ಮ್ಯಾಲಿರ್ಲಿ, ಮೀನ್ ಮ್ಯಾಲೆ ಬ್ಯಾಡ. ಏಳು ವರ್ಸದಿಂದ ಸಾಕಿವ್ನಿ" ಎಂದು ಬಸ್ಸು ಹತ್ತುವಾಗಲೂ ಹೇಳಿದಳು.

ಟೈಲ್ಸ್ ಕೆಲಸದ ಸಿದ್ದೇಶ, "ನೀರ್ ತುಂಬ್ಕಂಡೇ ಎತ್ತುದ್ರೆ ಗಾಜು ಬಿಟ್ಕತದೆ ಸಾ. ಮೀನ್ನ ಹಳೇ ನೀರಿನ್ ಸಮೇತ ಪ್ಲಾಸ್ಟಿಕ್ ಡ್ರಮ್ಮಿಗೆ ಬುಡಿ" ಎಂದ.

"ಡ್ರಮ್ಮಲ್ಲಿ ನಿಮ್ಮತ್ತೇನ ಕೂರ್ಸ್ಲಾ. ಇವು ಮರ್ಯಾದಸ್ಥ ಮೀನು!"

ಅಟ್ಟದಿಂದ ನಮ್ಮಮ್ಮನ ಕಾಲದ ತಾಮ್ರದ ಹಂಡೆ ಇಳಿಸಿ, ಹುಣಿಸೆಹಣ್ಣು ಹಾಕಿ ಫಳಫಳ ಹೊಳೆಯುವಂತೆ ಉಜ್ಜಿದೆ. ತಾಮ್ರದ ನೀರು ಮನುಷ್ಯರಿಗೇ ಅಷ್ಟು ಒಳ್ಳೆಯದಾದರೆ ಬೆರಳುದ್ದದ ಮೀನಿಗೆ ಇನ್ನೆಷ್ಟು!

"ಮನ್ಸರಿಗೆ ಸರಿ ಸಾ, ಮೀನ್ಗೆ ನಂಗೊತ್ತಿಲ್ಲ" ಎಂದ ಸಿದ್ದೇಶ.

"ನಂಗೊತ್ತು ಕಣ್ಲಾ" ಎಂದು ಹಂಡೆಗೆ ಹೊಸ ನೀರು ತುಂಬಿ ಐದೂ ಮೀನನ್ನು ಬಿಟ್ಟೆ.

ಖಾಲಿ ಗಾಜಿನ ತೊಟ್ಟಿಯನ್ನು ನಾಲ್ಕು ಜನ ಹೊತ್ತು, ಒಂದು ಗೀರೂ ಬೀಳದಂತೆ ಕೋಣೆಯಲ್ಲಿ ಇಳಿಸಿದೆವು. ಸಂಜೆ ಟೀ ಅಂಗಡಿಯಲ್ಲಿ ಆ ಸಾಹಸವನ್ನು ಮೂರು ಸಲ ಹೇಳಿದೆ.

ಬೆಳಿಗ್ಗೆ ನಾಲ್ಕು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಐದನೆಯದು ಬಾಯಿ ಬಿಡುತ್ತಿತ್ತು. ನಾನು ಬೇಡವೆಂದರೂ ಡ್ರಮ್ಮಿನಲ್ಲಿ ಹಿಡಿದಿಟ್ಟಿದ್ದ ಹಳೇ ನೀರಿಗೆ ಸಿದ್ದೇಶ ಅದನ್ನು ಬಿಟ್ಟ, ಉಳಿಯಿತು. ಆಮೇಲೆ ಕರಣೆ ಹಿಡಿದು ಟೈಲ್ಸ್ ಕೆಲಸಕ್ಕೆ ಕೂತ. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು.

ಸತ್ತವನ್ನು ಕರಿಬೇವಿನ ಬುಡದಲ್ಲಿ ಹೂತು ಹಾಸನಕ್ಕೆ ಓಡಿದೆ. ತಾಮ್ರ ಮೀನಿಗೆ ವಿಷವೆಂದು ಅಂಗಡಿಯವನು ಹೇಳಿದ. ಅದೇ ಬಣ್ಣ, ಅದೇ ಅಳತೆಯ ನಾಲ್ಕು ಮೀನು ಆರಿಸಿ ತಂದು, ಉಳಿದ ಒಂದರ ಜೊತೆ ತೊಟ್ಟಿಗೆ ಬಿಟ್ಟೆ. ನನ್ನ ಕಣ್ಣಿಗೇ ವ್ಯತ್ಯಾಸ ತಿಳಿಯಲಿಲ್ಲ.

ಗಿರಿಜೆ ಬಂದವಳು ಟೈಲ್ಸ್ ಕಡೆ ನೋಡದೆ ಕೋಣೆಗೆ ಹೋಗಿ, ಒಂದು ಚಿಟಿಕೆ ಆಹಾರ ಹಿಡಿದು, "ಬನ್ರೋ ಮಕ್ಳಾ" ಎಂದು ಗಾಜು ತಟ್ಟಿದಳು. ಒಂದು ಮೀನು ಮೇಲೆ ಬಂತು. ನಾಲ್ಕು ಹೆದರಿ ಮೂಲೆ ಸೇರಿದವು.

ಅವಳು ನನ್ನ ಕಡೆ ತಿರುಗಲಿಲ್ಲ. "ಯಾವತ್ತು ಸತ್ತೋದ್ವು?"

"ನೀನ್ ಹೋದ ಮಾರನೇ ದಿನ."

ಕೈಲಿದ್ದ ಆಹಾರವನ್ನು ನೀರಿಗೆ ಉದುರಿಸಿ, "ಬಣ್ಣ ಸರ್ಯಾಗ್ ಹುಡ್ಕಿದ್ದೀರ" ಎಂದಳು.

ಮದುವೆಯಾದಾಗಿನಿಂದ ನನ್ನ ಕುಚೇಷ್ಟೆಯನ್ನು ಅವಳು ಮೆಚ್ಚಿದ್ದು ಅದೊಂದೇ ಸಲ.